ಅಧ್ಯಕ್ಷರ ಮಾತಿಗೆ ಕೈಯಾದವಳು

ಅವಳನ್ನು ಶಾಲೆಗೆ ಸೇರಿಸಲು ಕರೆತಂದ ದಿನ ಮೇಷ್ಟರ ಕಣ್ಣಿಗೆ ಮೊದಲು ಬಿದ್ದದ್ದು ಅವಳ ಕೈಗಳು. ಎಂಟು ವರ್ಷದ ಹುಡುಗಿ. ಎರಡು ಜಡೆಗಳಲ್ಲಿ ಒಂದರ ರಿಬ್ಬನ್ ಬಿಚ್ಚಿಹೋಗಿತ್ತು. ಅಪ್ಪ ಬಂದರಿನ ಬೀದಿಯ ದರ್ಜಿ, ಅಮ್ಮ ಅದೇ ಅಂಗಡಿಯಲ್ಲಿ ಕಾಜಾ ಹಾಕುವವಳು. ಇಬ್ಬರಿಗೂ ಹುಟ್ಟಿನಿಂದಲೇ ಕಿವಿ ಕೇಳಿಸದು. ಹುಡುಗಿ ನಡುವೆ ನಿಂತು, ಮೇಷ್ಟರ ಬಾಯಿಂದ ಬಂದದ್ದನ್ನು ಕೈಗೆ ತೆಗೆದುಕೊಂಡು ಅಪ್ಪ ಅಮ್ಮನ ಕಣ್ಣಿಗೆ ಕೊಡುತ್ತಿದ್ದಳು.

"ಲೆಕ್ಕದಲ್ಲಿ ಬಹಳ ಹಿಂದೆ ಇದ್ದಾಳೆ. ಈ ವರ್ಷ ಎರಡನೇ ತರಗತಿಯಲ್ಲೇ ಕೂರಬೇಕಾಗುತ್ತೆ ಅಂತ ಹೇಳಮ್ಮ," ಎಂದರು ಮೇಷ್ಟರು.

ಹುಡುಗಿಯ ಕೈಗಳು ಆಡಿದವು. ಅಪ್ಪನ ಮುಖ ಅರಳಿತು. ಆತ ಎದ್ದು ಬಂದು ಮೇಷ್ಟರ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದು ಕುಲುಕಿದ. ಮಗಳು ಓದಿನಲ್ಲಿ ಹಿಂದೆ ಎಂದರೆ ಇಷ್ಟು ಹಿಗ್ಗುವ ತಂದೆಯನ್ನು ಮೇಷ್ಟರು ಅದುವರೆಗೆ ಕಂಡಿರಲಿಲ್ಲ.

"ಏನು ಹೇಳಿದೆ ಮಗು, ಅಪ್ಪನಿಗೆ?"

"ನೀವು ಹೇಳಿದ್ದೇ ಸಾರ್," ಎಂದಳು. ಬಿಚ್ಚಿದ ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಒಂಚೂರು ಚೆನ್ನಾಗಿ ಹೇಳಿದೆ," ಎಂದಳು.

ಹೀಗೆ ಒಂಚೂರು ಚೆನ್ನಾಗಿ ಹೇಳುವುದು ಅವಳಿಗೆ ಹಾಲು ಹಲ್ಲಿನ ಕಾಲದಿಂದ ಬಂದ ಅಭ್ಯಾಸ. ಬಾಡಿಗೆಮನೆಯ ಯಜಮಾನ ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈದರೆ, "ಇವತ್ತು ಅವರಿಗೆ ತಲೆನೋವಂತೆ" ಎಂದು ಅಪ್ಪನಿಗೆ ತಿಳಿಸುತ್ತಿದ್ದಳು. ಅಪ್ಪ ಪಾಪ, ಒಳಗೆ ಹೋಗಿ ತಲೆನೋವಿನ ಮಾತ್ರೆ ತಂದು ಕೊಡುತ್ತಿದ್ದ. ಯಜಮಾನ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಪೆಚ್ಚಾಗಿ ನಿಲ್ಲುತ್ತಿದ್ದ. ಬೈಗುಳದ ಅರ್ಧ ಅಲ್ಲಿಗೇ ಮುಗಿಯುತ್ತಿತ್ತು.

ದೊಡ್ಡವಳಾದ ಮೇಲೆ ಅವಳಿಗೆ ಸರ್ಕಾರಿ ಟೀವಿಯಲ್ಲಿ ಕೈಮಾತಿನ ದುಭಾಷಿಯ ಕೆಲಸ ಸಿಕ್ಕಿತು. ಪರದೆಯ ಕೆಳಮೂಲೆಯಲ್ಲಿ ಅಂಗೈಯಗಲದ ಚೌಕದೊಳಗೆ ನಿಂತು, ದೇಶದ ಅಧ್ಯಕ್ಷರ ಭಾಷಣವನ್ನು ಕಿವಿ ಕೇಳದವರಿಗೆ ಮುಟ್ಟಿಸುವುದು. ಮೂರನೆಯ ಮಹಡಿಯಲ್ಲಿ ಕಿಟಕಿಯಿಲ್ಲದ ಕೋಣೆ, ಹಿಂದೆ ನೀಲಿ ಗೋಡೆ, ನೆಲದ ಮೇಲೆ ಟೇಪಿನ ಗುರುತು. ಆ ಗುರುತು ಬಿಟ್ಟು ಕದಲುವಂತಿಲ್ಲ. ಕಪ್ಪು ಅಂಗಿ ತೊಡಬೇಕು, ಕೈಯಲ್ಲಿ ಬಳೆ ಉಂಗುರ ಏನೂ ಇರಕೂಡದು. ಇಪ್ಪತ್ತು ನಿಮಿಷಕ್ಕೊಮ್ಮೆ ಜೊತೆಗಾರ ಬಂದು ಜಾಗ ತೆಗೆದುಕೊಳ್ಳುತ್ತಿದ್ದ. ಅದಕ್ಕಿಂತ ಹೆಚ್ಚು ಹೊತ್ತು ಒಬ್ಬರೇ ಮಾಡಿದರೆ ಕೈಗಿಂತ ಮೊದಲು ತಲೆ ಸೋಲುತ್ತದೆ. ಜೊತೆಗಾರ ಸೆಕೆಂಡಿನ ಲೆಕ್ಕದವನು; ಎಲ್ಲರೂ ಅವನನ್ನು ಗಡಿಯಾರ ಎಂದೇ ಕರೆಯುತ್ತಿದ್ದರು.

ಕೈಮಾತಿನವರ ನಡುವೆ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರಿರುತ್ತದೆ. ಕೆನ್ನೆಯ ಗುಳಿಗೆ ತೋರುಬೆರಳು ಒತ್ತಿದರೆ ಅವಳು. ಹುಬ್ಬನ್ನು ಎರಡು ಬೆರಳಿನಿಂದ ಸವರಿದರೆ ಅಧ್ಯಕ್ಷರು. ಅವರ ಹುಬ್ಬು ಅಷ್ಟು ದಟ್ಟ. ಹನ್ನೊಂದೂವರೆ ವರ್ಷ ಅವಳು ಆ ಹುಬ್ಬಿನವರ ಕೈಯಾಗಿದ್ದಳು. ಈ ಕೆಲಸದಲ್ಲಿ ಭಾಷಣಕಾರನಿಗಿಂತ ನಾಲ್ಕೈದು ಪದ ಹಿಂದೆ ನಡೆಯಬೇಕು. ವಾಕ್ಯ ಎತ್ತ ಹೋಗುತ್ತದೆಂದು ತಿಳಿದ ಮೇಲೆಯೇ ಕೈ ಎತ್ತಬೇಕು. ಅಧ್ಯಕ್ಷರದು ಮೊದಮೊದಲು ಹರಿಯುವ ನೀರಿನಂಥ ಮಾತು. ಅವರ ಹಿಂದೆ ನಡೆಯುವುದು ಸುಲಭವಾಗಿತ್ತು.

ಕಡೆಯ ಒಂದೂವರೆ ವರ್ಷದಲ್ಲಿ ದಾರಿ ತಪ್ಪತೊಡಗಿತು. ರೈಲು ಮಾರ್ಗದ ಬಗ್ಗೆ ಶುರು ಮಾಡಿದವರು ತಾವು ಬಾಲ್ಯದಲ್ಲಿ ಸಾಕಿದ ನಾಯಿಯ ಬಳಿ ಹೋಗಿ ನಿಲ್ಲುತ್ತಿದ್ದರು. ಒಂದೇ ಕತೆಯನ್ನು ಹತ್ತು ನಿಮಿಷದಲ್ಲಿ ಮೂರು ಸಲ ಹೇಳುತ್ತಿದ್ದರು. ನಡುನೀರಿನಲ್ಲಿ ಕೈಬಿಟ್ಟ ವಾಕ್ಯವನ್ನು ಅವಳು ತನ್ನ ಪಾಡಿಗೆ ದಡ ಸೇರಿಸುತ್ತಿದ್ದಳು. ನಾಯಿಯನ್ನು ಬಿಟ್ಟು ರೈಲನ್ನು ಮುಂದುವರಿಸುತ್ತಿದ್ದಳು. ಬೇಕೆಂದು ಮಾಡಿದ್ದಲ್ಲ, ಅರೆಬರೆ ಮಾತನ್ನು ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ.

"ನಾನೂ ಹಾಗೇ ಮಾಡೋದು ಅಕ್ಕ," ಎಂದ ಗಡಿಯಾರ ಒಂದು ದಿನ, ಮೆಟ್ಟಿಲ ಮೇಲೆ ಟೀ ಕುಡಿಯುತ್ತ. "ಇಲ್ದಿದ್ರೆ ನೋಡೋರು ನಮಗೇ ಕೆಲ್ಸ ಬರಲ್ಲ ಅಂತಾರೆ."

ಅಷ್ಟರಲ್ಲಿ ಬಾಂಬಿನ ಮಾತು ಬಂತು. ಕೊಲ್ಲಿಯಾಚೆಯ ದೇಶದೊಡನೆ ಮೀನು ಹಿಡಿಯುವ ನೀರಿಗಾಗಿ ಜಗಳವಿತ್ತು. ಬಹಳ ಹಳೆಯದು, ಕಾಗದಪತ್ರದಲ್ಲೇ ನಡೆಯುತ್ತಿದ್ದದ್ದು. ಒಂದು ದಿನ ಅಧ್ಯಕ್ಷರು, "ಅಣುಬಾಂಬನ್ನು ನಾವು ಅಲಂಕಾರಕ್ಕೆ ಇಟ್ಕೊಂಡಿಲ್ಲ" ಎಂದರು. ಮುಂದಿನ ವಾರ, "ಅರ್ಧ ಗಂಟೆ ಸಾಕು, ಆಚೆ ದಡದಲ್ಲಿ ಒಂದು ಕಡ್ಡಿ ಉಳಿಯಲ್ಲ" ಎಂದರು. ಅದನ್ನೂ ಒಂಚೂರು ಮೆತ್ತಗೆ ಮಾಡಿ, "ನಮ್ಮ ಸೈನ್ಯ ಸಿದ್ಧವಾಗಿದೆ" ಎಂದು ಕೈಯಲ್ಲಿ ಹೇಳಿದಳು.

ದೇಶದಲ್ಲಿ ಬೇರೆ ಮಾತೇ ಇರಲಿಲ್ಲ. ಇಪ್ಪತ್ತಮೂರು ಮಂದಿ ವೈದ್ಯರು ಸಹಿ ಹಾಕಿ, ಅಧ್ಯಕ್ಷರ ಬುದ್ಧಿಸ್ವಾಸ್ಥ್ಯವನ್ನು ಪರೀಕ್ಷಿಸಬೇಕೆಂದು ಸಂಸತ್ತಿಗೆ ಪತ್ರ ಬರೆದರು. ನಾಡಿ ಹಿಡಿಯದೆ ರೋಗ ಹೇಳುವ ಇವರೆಂಥ ವೈದ್ಯರು ಎಂದು ಆಡಳಿತ ಪಕ್ಷದವರು ಮೂಗು ಮುರಿದರು. ಬಸ್ಸಿನಲ್ಲೂ ಅದೇ ಜಗಳ.

"ಅವರು ಬೇಕಂತಲೇ ಹಾಗೆ ಮಾತಾಡೋದು ಕಣ್ರೀ. ಎದುರಿನವನು ಹೆದರ್ಬೇಕಲ್ಲ," ಎಂದ ಕಂಡಕ್ಟರ್.

"ಎದುರಿನವನ ಮಾತು ಬಿಡಿ, ನನಗೇ ನಿದ್ದೆ ಬರ್ತಿಲ್ಲ," ಎಂದಳು ಕಿಟಕಿಯ ಪಕ್ಕದ ಹೆಂಗಸು.

"ಹುಚ್ಚನ ವೇಷ ಹಾಕಿದಾರಮ್ಮ. ಉಪಾಯ ಅದು."

"ವೇಷ ಆದ್ರೆ ಮನೆಗೆ ಹೋಗಿ ಕಳಚಿಡ್ತಾರೆ ತಾನೆ? ಕಳಚಿದ್ದನ್ನ ಯಾರು ನೋಡಿದಾರೆ, ಹೇಳಪ್ಪ."

ಕಂಡಕ್ಟರ್ ಸೀಟಿ ಊದಿ ಮುಂದಕ್ಕೆ ಹೋದ. ಹಿಂದಿನ ಸೀಟಿನಲ್ಲಿ ದುಭಾಷಿ ತನ್ನ ಕೈಗಳನ್ನು ಚೀಲದ ಕೆಳಗೆ ಮುಚ್ಚಿಟ್ಟುಕೊಂಡು ಕೂತಿದ್ದಳು.

ಅಪ್ಪ ಅಮ್ಮ ಇದ್ದ ಬಂದರಿನಲ್ಲೇ ಬಾಂಬು ಹೊರುವ ಜಲಾಂತರ್ಗಾಮಿಗಳು ನಿಲ್ಲುತ್ತಿದ್ದವು. ಎದುರಿನವರು ತಿರುಗಿ ಹೊಡೆದರೆ ಮೊದಲ ಏಟು ಅಲ್ಲಿಗೇ. ಅಲ್ಲಿನ ಗೋಡೆಗಳ ಮೇಲೆ ನಗರಸಭೆ ಕಾಗದ ಅಂಟಿಸಿತು: ತೆರವಿನ ಆಜ್ಞೆ ಬಂದ ದಿನ ಒಳನಾಡಿಗೆ ಹೋಗುವ ಬಸ್ಸಿನಲ್ಲಿ ಜಾಗ ಬೇಕಾದವರು ಶಾಲೆಯಲ್ಲಿ ಹೆಸರು ಬರೆಸತಕ್ಕದ್ದು, ತಿಂಗಳ ಕಡೆಯ ಶನಿವಾರ ಸಂಜೆ ಐದಕ್ಕೆ ಪಟ್ಟಿ ಮುಚ್ಚುತ್ತದೆ, ಪಟ್ಟಿಯಲ್ಲಿಲ್ಲದವರಿಗೆ ಜಾಗವಿಲ್ಲ.

ಭಾನುವಾರ ಅವಳು ಮನೆಗೆ ಹೋದಾಗ ಅಪ್ಪನ ಅಂಗಡಿಯಲ್ಲಿ ಕೈಮಾತಿನವರ ಕೂಟ ಸೇರಿತ್ತು. ಅಪ್ಪ ಅಮ್ಮ ಸೇರಿ ಒಂಬತ್ತು ಮಂದಿ, ಎಲ್ಲರೂ ಅರವತ್ತು ದಾಟಿದವರು. ಕತ್ತರಿ ಮೇಜಿನ ಸುತ್ತ ಕೂತು ಕೈ ಬೀಸುತ್ತಿದ್ದರು. ಹೊರಗಿನಿಂದ ನೋಡಿದರೆ ಹೊಡೆದಾಟ ಎಂದುಕೊಳ್ಳಬೇಕು.

"ಪೇಪರಿನಲ್ಲಿ ಹುಬ್ಬಿನವನಿಗೆ ತಲೆ ಕೆಟ್ಟಿದೆ ಅಂತ ಬರೆದಿದ್ದಾರೆ. ಹೆಸರು ಬರೆಸೋಣವೋ ಬೇಡವೋ?" ಎಂದು ಕೈಯಲ್ಲಿ ಕೇಳಿದ ಬೇಕರಿಯ ಅಜ್ಜ.

"ಪೇಪರಿನವರಿಗೇ ಕೆಟ್ಟಿರೋದು," ಎಂದ ಅಪ್ಪ. "ಹನ್ನೊಂದೂವರೆ ವರ್ಷದಿಂದ ಒಂದು ದಿನ ತಪ್ಪದೆ ನೋಡಿದ್ದೇನೆ. ಒಂದು ಮಾತು ಅತ್ತಿತ್ತ ಆಗಿಲ್ಲ. ನನ್ನ ಮಗಳ ಕೈಯಲ್ಲೇ ಬಂದದ್ದು, ಇನ್ಯಾರನ್ನ ಕೇಳಬೇಕು? ಅಂಥವನು ಬಾಂಬು ಹಾಕಲ್ಲ. ನೀವೆಲ್ಲ ತೆಪ್ಪಗೆ ಮನೆಯಲ್ಲಿರಿ. ನನ್ನ ಹತ್ತಿರ ಏಳು ಕೋಟು ಹೊಲಿಯೋದು ಬಾಕಿ ಇದೆ."

ಎಲ್ಲರೂ ತಲೆಯಾಡಿಸಿದರು. ಅಪ್ಪನ ಮಾತೆಂದರೆ ಆ ಕೂಟಕ್ಕೆ ಬರೆದಿಟ್ಟ ಮಾತು.

ಅಧ್ಯಕ್ಷರ ತಲೆ ಎಲ್ಲಿದೆಯೆಂದು ತಿಳಿಯದವರು ದೇಶದಲ್ಲಿ ಇವರಷ್ಟೇ, ಮತ್ತು ಅದಕ್ಕೆ ಕಾರಣ ತಾನು. "ಅಪ್ಪಾ, ಹೆಸರು ಬರೆಸು," ಎಂದಳು. ಏಕೆಂದು ಹೇಳಲು ಕೈ ಬರಲಿಲ್ಲ. ಮಾತು ತಿರುಚಿದೆ ಎಂದು ದುಭಾಷಿ ಒಪ್ಪಿಕೊಂಡರೆ ಅಲ್ಲಿಗೆ ಅವಳ ಬಾಳು ಮುಗಿದಂತೆ.

ಅಪ್ಪ ಅವಳ ಕೆನ್ನೆ ಚಿವುಟಿದ. "ನಿನಗೂ ಕಿವಿ ಇರೋರ ಗಾಳಿ ಬಡೀತಾ?"

ಸಂಸತ್ತಿನಲ್ಲಿ ಚರ್ಚೆಗೆ ಆ ತಿಂಗಳ ಕಡೆಯ ಶುಕ್ರವಾರ ಗೊತ್ತಾಯಿತು. ಅಧ್ಯಕ್ಷರನ್ನು ವೈದ್ಯರ ಮುಂದೆ ಕೂರಿಸಬೇಕೋ ಬೇಡವೋ ಎಂಬ ನಿರ್ಣಯ. ಉತ್ತರ ಕೊಡಲು ಅಧ್ಯಕ್ಷರೇ ಬರುವವರು. ಬೆಳಗ್ಗೆ ಹನ್ನೊಂದಕ್ಕೆ ಅವಳ ಪಾಳಿ. ಮೇಲ್ವಿಚಾರಕಿ ಬಂದು ಭುಜ ತಟ್ಟಿ, "ಎಂದಿನ ಹಾಗೇ ಮಾಡಿ ಕಣ್ರೀ. ನಿಮ್ಮ ಕೈಯಲ್ಲಿ ಅವರು ಚೆನ್ನಾಗಿ ಬರ್ತಾರೆ," ಎಂದಳು. ದುಭಾಷಿ ಬಳೆ ಉಂಗುರ ಕಳಚಿಟ್ಟಳು. ಟೇಪಿನ ಗುರುತಿನ ಮೇಲೆ ಹೋಗಿ ನಿಂತಳು. ಅಪ್ಪ ಅಂಗಡಿಯ ಟೀವಿಯ ಮುಂದೆ ಕೂತಿರುತ್ತಾನೆ, ಒಂಬತ್ತು ಮಂದಿಯೂ ಕೂತಿರುತ್ತಾರೆ. ನಾಳೆ ಐದಕ್ಕೆ ಪಟ್ಟಿ ಮುಚ್ಚುತ್ತದೆ. ಇವತ್ತು ಬಂದದ್ದನ್ನು ಬಂದ ಹಾಗೆ ಕೊಡುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಅಧ್ಯಕ್ಷರು ಎದ್ದರು. "ನನ್ನ ತಲೆ ಸರಿಯಿಲ್ಲ ಅಂತಾರೆ. ಈ ತಲೆ ಇದೆಯಲ್ಲ, ಈ ತಲೆ..." ಅಲ್ಲಿಗೆ ನಿಂತರು. ಅವಳ ಬಲಗೈ ಹಣೆಯ ಹತ್ತಿರ ಹೋಗಿತ್ತು. ಅಲ್ಲೇ ನಿಂತಿತು. ಹಾಲು ಹಲ್ಲಿನ ಕಾಲದಿಂದ ಬಂದ ಅಭ್ಯಾಸವೆಲ್ಲ ಆ ಕೈಯನ್ನು ಮುಂದಕ್ಕೆ ನೂಕುತ್ತಿತ್ತು. ಅವಳು ಹಲ್ಲು ಕಚ್ಚಿ ಹಿಡಿದಳು. ಏಳೆಂಟು ಸೆಕೆಂಡು. ಸಭೆಯಲ್ಲಿ ಯಾರೋ ಕೆಮ್ಮಿದರು.

"ನಾಯಿ ಒಂದಿತ್ತು ನಮ್ಮನೇಲಿ," ಎಂದರು ಅಧ್ಯಕ್ಷರು. ಅವಳು ನಾಯಿ ಎಂದಳು. ಎರಡನೆಯ ಸಲ ನಾಯಿ ಬಂದಾಗ ಎರಡನೆಯ ಸಲ ಹೇಳಿದಳು, ಮೂರನೆಯ ಸಲ ಬಂದಾಗ ಮೂರನೆಯ ಸಲ. ಆಮೇಲೆ ಅವರ ದನಿ ಏರಿತು. "ಕೊಲ್ಲಿಯಾಚೆಯವರಿಗೆ ಹೇಳ್ತೀನಿ. ಅರ್ಧ ಗಂಟೆ ಸಾಕು. ಆ ಬಾಂಬಿನ ಬೀಗದ ಕೈ ನನ್ನ ಹತ್ರಾನೇ ಇದೆ." ಕೋಟಿನ ಎದೆಯ ಬಲಭಾಗವನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡರು. "ಇಲ್ಲೇ ಇಟ್ಟಿದ್ದೆ. ಎಲ್ಲಿ ಹೋಯ್ತು? ಅಮ್ಮ ಎತ್ತಿಟ್ಟಿರ್ಬೇಕು. ಯಾರಾದ್ರೂ ಹೋಗಿ ಅಮ್ಮನ್ನ ಕೇಳಿ."

ಅವರ ತಾಯಿ ತೀರಿಕೊಂಡು ನಲವತ್ತು ವರ್ಷವಾಗಿತ್ತು. ಆಡಳಿತ ಪಕ್ಷದವರು ಮೇಜು ಗುದ್ದಿ ನಕ್ಕರು. ತಮಾಷೆ ಎಂದುಕೊಂಡರೋ, ಎಂದುಕೊಳ್ಳಲೇಬೇಕಾಯಿತೋ ತಿಳಿಯದು. ಅವಳು ನಗಲಿಲ್ಲ. ಅಮ್ಮ ಎತ್ತಿಟ್ಟಿರಬೇಕು, ಅಮ್ಮನನ್ನು ಕೇಳಿ ಎಂದು ಬಂದ ಹಾಗೇ ಕೈಯಲ್ಲಿ ಹೇಳಿದಳು. ಇಪ್ಪತ್ತು ನಿಮಿಷ ಮುಗಿದು ಗಡಿಯಾರ ಬಾಗಿಲಲ್ಲಿ ಕೈಗಡಿಯಾರ ತಟ್ಟುತ್ತಿದ್ದ. ಅವಳು ಜಾಗ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಎದುರಿನ ಪರದೆ ನೋಡುತ್ತಾಳೆ, ಮೂಲೆಯಲ್ಲಿ ಚೌಕವೇ ಇರಲಿಲ್ಲ. ಅವಳನ್ನು ತೆಗೆದುಹಾಕಿದ್ದರು.

ಕೆಳಗಿನ ಮಹಡಿಯ ಕೋಣೆಯಲ್ಲಿ ಮೇಲ್ವಿಚಾರಕಿ ಕಾಗದದ ಕಟ್ಟು ಹಿಡಿದು ಕೂತಿದ್ದಳು. "ಎಂಬತ್ತು ದೂರು ಬಂದಿದೆ ಕಣ್ರೀ. ಎಲ್ಲಾ ಕಿವಿ ಕೇಳದವರದೇ. ಓದಿ."

ಓದಿದಳು. 'ನಿಮ್ಮ ದುಭಾಷಿಗೆ ಬುದ್ಧಿಭ್ರಮಣೆ ಆಗಿದೆ.' 'ಅಧ್ಯಕ್ಷರು ಅಷ್ಟು ಮುಖ್ಯವಾದ ಮಾತು ಆಡುವಾಗ ಆಕೆ ನಾಯಿ, ಅಮ್ಮ ಎಂದು ಏನೇನೋ ಬಡಬಡಿಸಿದಳು.' 'ಪಾಪ, ಅವಳನ್ನು ಮನೆಗೆ ಕಳಿಸಿ.' ಇದೊಂದು ಅವಳ ಎಣಿಕೆಯಲ್ಲಿ ಇರಲೇ ಇಲ್ಲ. ಹನ್ನೊಂದೂವರೆ ವರ್ಷ ಮಾತು ನೆಟ್ಟಗಿತ್ತು, ಇಂದು ಕೆಟ್ಟಿತು. ಕೆಟ್ಟದ್ದು ನಡುವೆ ನಿಂತವಳ ತಲೆಯೇ ಇರಬೇಕು ಎಂದು ಅವರು ನಂಬಿದ್ದರು. ಫೋನು ತೆರೆದಳು. ಅಪ್ಪನ ಸಂದೇಶ: 'ಏನಾಯಿತು ನಿನಗೆ? ಮೈ ಸರಿಯಿಲ್ಲವೇ? ಕೂಡಲೇ ಮನೆಗೆ ಬಾ.'

"ನೀವು ಹೇಳಿದ್ರಲ್ಲಿ ಒಂದಕ್ಷರ ತಪ್ಪಿಲ್ಲ, ನನಗೂ ಕಿವಿ ಇದೆ," ಎಂದಳು ಮೇಲ್ವಿಚಾರಕಿ ದನಿ ತಗ್ಗಿಸಿ. "ಆದ್ರೆ ಈ ಫಾರಂ ತಗೊಳ್ಳಿ. ಮನಸ್ಸಿನ ಡಾಕ್ಟರ ಹತ್ರ ಹೋಗಿ, ಸರಿ ಇದೀನಿ ಅಂತ ಸಹಿ ಹಾಕಿಸ್ಕೊಂಡು ಬನ್ನಿ."

"ಇಂಥದೊಂದು ಫಾರಂ ಅವರಿಗೂ ಕಳಿಸಿದೀರಾ ಮೇಡಂ?"

ಮೇಲ್ವಿಚಾರಕಿ ಬಾಗಿಲ ಕಡೆ ನೋಡಿದಳು. ಆಮೇಲೆ ತುಟಿಯ ಮೇಲೆ ಬೆರಳಿಟ್ಟಳು. ಮಧ್ಯಾಹ್ನ ನಿರ್ಣಯ ಬಿದ್ದುಹೋಯಿತು. ಅಧ್ಯಕ್ಷರನ್ನು ಪರೀಕ್ಷಿಸುವ ಅಗತ್ಯವಿಲ್ಲ ಎಂದು ಸಭೆ ಹೇಳಿತು.

ಶನಿವಾರ ಅವಳು ಬಂದರಿಗೆ ಮುಟ್ಟುವಾಗ ಮೂರು ಗಂಟೆ. ಊರು ಬಿಡುವವರ ವಾಹನಗಳು ಎದುರು ಬರುತ್ತ ರಸ್ತೆ ಕಟ್ಟಿಹೋಗಿತ್ತು. ಅಮ್ಮ ಬಾಗಿಲಲ್ಲೇ ಅವಳ ಮುಖವನ್ನು ಎರಡು ಕೈಯಲ್ಲಿ ಹಿಡಿದು, ಹಣೆ ಮುಟ್ಟಿ ಜ್ವರ ನೋಡಿದಳು. ಬೇಕರಿಯ ಅಜ್ಜ ಬನ್ನಿನ ಪೊಟ್ಟಣ ಹಿಡಿದು ರೋಗಿಯನ್ನು ನೋಡಲು ಬಂದವನಂತೆ ಕೂತಿದ್ದ.

ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಅಪ್ಪನ ಕಣ್ಣು ಅವಳ ಕೈ ಬಿಟ್ಟು ಕದಲಲಿಲ್ಲ.

"ಹಾಗಾದರೆ ಯಾವುದು ನಿಜ? ಇಷ್ಟು ವರ್ಷದ್ದೋ, ನಿನ್ನೆಯದೋ?"

"ಹತ್ತು ವರ್ಷ ಅವರದೇ. ಆಮೇಲಿನ ಒಂದೂವರೆ ವರ್ಷ ನನ್ನದು. ನಿನ್ನೆ ಮತ್ತೆ ಅವರದು."

"ಇವತ್ತಿನದು?" ಎಂದ ಅಪ್ಪ. "ಇವತ್ತು ನೀನು ಹೇಳೋದನ್ನ ನಾನು ಯಾಕೆ ನಂಬಲಿ?"

ಗೋಡೆಯ ಗಡಿಯಾರದಲ್ಲಿ ಮೂರೂಕಾಲು. ಅವಳು ಫೋನಿನಿಂದ ನಿನ್ನೆಯ ಭಾಷಣವನ್ನು ಟೀವಿಗೆ ಹಚ್ಚಿದಳು. ಕೋಟಿನ ಅಳತೆ ಕತ್ತರಿಸುವ ಕಂದು ಕಾಗದದ ಒಂದು ತುಂಡು ತೆಗೆದು, ಪರದೆಯ ಮೂಲೆಯಲ್ಲಿ ತಾನಿದ್ದ ಚೌಕದ ಮೇಲೆ ಅಂಟಿಸಿದಳು. "ನನ್ನನ್ನ ನೋಡಬೇಡ ಅಪ್ಪ. ಅವರನ್ನ ನೋಡು."

ಕಿವಿ ಕೇಳದವರು ಟೀವಿ ನೋಡುವಾಗ ಮೂಲೆಯ ಕೈಗಳನ್ನೇ ನೋಡುತ್ತಾರೆ. ಇಷ್ಟು ವರ್ಷದಲ್ಲಿ ಅಪ್ಪ ಅಧ್ಯಕ್ಷರ ಮುಖವನ್ನು ಐದು ನಿಮಿಷ ಒಟ್ಟಿಗೆ ನೋಡಿದವನಲ್ಲ. ಈಗ ಮುಂದಕ್ಕೆ ಬಾಗಿ ನೋಡಿದ. ಸೂಜಿಗೆ ದಾರ ಪೋಣಿಸುವಾಗಿನ ಕಣ್ಣು ಅದು. ಮುಖವನ್ನೇ ಓದಿ ಅರವತ್ತೆಂಟು ವರ್ಷ ಬಾಳಿದವನಿಗೆ ದುಭಾಷಿ ಬೇಕಿರಲಿಲ್ಲ. ನಿಂತಲ್ಲೇ ದಾರಿ ತಪ್ಪಿದ ಕಣ್ಣುಗಳು, ನಕ್ಕವರೆಲ್ಲ ಏಕೆ ನಗುತ್ತಿದ್ದಾರೆಂದು ಹುಡುಕುವ ಮುಖ. ಅಧ್ಯಕ್ಷರು ಕೋಟು ಮುಟ್ಟಿಕೊಳ್ಳುವ ಜಾಗ ಬಂದಾಗ ಅಪ್ಪ ಎದ್ದುನಿಂತ. ಮತ್ತೆ ಹಾಕು ಎಂದ. ಮತ್ತೆ ಹಾಕಿದಳು.

"ಅಲ್ಲಿ ಜೇಬಿಲ್ಲ," ಎಂದ ಅಪ್ಪ. "ಅಂಥ ಕೋಟಿಗೆ ಆ ಕಡೆ ಜೇಬೇ ಇಡಲ್ಲ. ಇಲ್ಲದ ಜೇಬಿಗೆ ಮೂರು ಸಲ ಕೈ ಹಾಕಿದ. ತಾನು ತೊಟ್ಟಿರೋ ಕೋಟು ಯಾವುದು ಅಂತ ಅವನಿಗೆ ಗೊತ್ತಿಲ್ಲ. ಗುಂಡಿ ಹಾಕಿದ್ದೂ ಅವನಲ್ಲ, ಎದುರು ನಿಂತು ಇನ್ಯಾರೋ ಹಾಕಿದ್ದಾರೆ." ಆಮೇಲೆ ಇನ್ನೇನೋ ಹೇಳಹೋದ, ಆಗಲಿಲ್ಲ. ಬೆರಳುಗಳು ನಡುಗುತ್ತಿದ್ದವು. ಕೈ ನಡುಗಿದರೆ ಅವರಿಗೆ ಮಾತೇ ತೊದಲಿದ ಹಾಗೆ. ಅಮ್ಮ ಬಂದು ಆ ಕೈಗಳನ್ನು ಹಿಡಿದುಕೊಂಡಳು. ಬೇಕರಿಯ ಅಜ್ಜ ಪೊಟ್ಟಣ ಅಲ್ಲೇ ಬಿಟ್ಟು ಉಳಿದವರನ್ನು ಕರೆಯಲು ಓಡಿದ.

ಶಾಲೆಯ ಮೇಜಿನ ಮುಂದೆ ನಿಂತಾಗ ನಾಲ್ಕೂ ಮುಕ್ಕಾಲು. ಗುಮಾಸ್ತ ಏನೋ ಕೇಳಿದ. ಅವಳು ಕೈ ಎತ್ತಿದಳು. ಅಪ್ಪ ಅವಳ ಮಣಿಕಟ್ಟು ಹಿಡಿದು ಮೆಲ್ಲಗೆ ಕೆಳಗಿಳಿಸಿ, ಕಿವಿಯ ಹಿಂದಿನ ಪೆನ್ಸಿಲು ತೆಗೆದು ತಾನೇ ಬರೆದ. ಆರು ಮನೆ, ಒಂಬತ್ತು ಹೆಸರು, ಪ್ರತಿ ಹೆಸರಿನ ಮುಂದೆ 'ಕಿವಿ ಕೇಳದು'. ಮಣಿಕಟ್ಟಿನ ಮೇಲಿನ ಆ ಹಿಡಿತದಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು.

"ಯಾರಿಗೂ ಕಿವಿ ಕೇಳಲ್ವಾ?" ಗುಮಾಸ್ತ ಪಟ್ಟಿಯಿಂದ ತಲೆಯೆತ್ತಿದ. "ಸೈರನ್ ಆಗಿ ಹತ್ತು ನಿಮಿಷಕ್ಕೆ ಬಸ್ಸು ಬಿಡ್ತೀವಿ. ಆಗ ಕರೆಂಟೂ ಇರಲ್ಲ, ಫೋನೂ ಇರಲ್ಲ. ಇವರಿಗೆ ಗೊತ್ತಾಗೋದು ಹೇಗೆ?"

"ನಾನು ಹೇಳ್ತೀನಿ," ಎಂದಳು.

ಈಗ ಅವಳಿರುವುದು ಅಪ್ಪನ ಅಂಗಡಿಯ ಹಿಂದಿನ ಕೋಣೆಯಲ್ಲಿ. ಡಾಕ್ಟರು ಐದೇ ನಿಮಿಷದಲ್ಲಿ ಫಾರಂಗೆ ಸಹಿ ಹಾಕಿಕೊಟ್ಟರು. ಟೀವಿಯವರು ಮಾತ್ರ ಮತ್ತೆ ಕರೆಯಲಿಲ್ಲ. ಮೂಲೆಯ ಚೌಕದಲ್ಲಿ ಗಡಿಯಾರ ನಿಲ್ಲುತ್ತಾನೆ, ಅವನ ಕೈಯಲ್ಲಿ ಅಧ್ಯಕ್ಷರು ಬಹಳ ಚೆನ್ನಾಗಿ ಬರುತ್ತಾರೆ. ಅವಳು ಅಮ್ಮನ ಜೊತೆ ಕಾಜಾ ಹಾಕುತ್ತಾಳೆ. ಅಪ್ಪ ಅವಳೊಡನೆ ಮಾತಾಡುತ್ತಾನೆ, ನಗಿಸುತ್ತಾನೆ. ಆದರೆ ಹೊರಗಿನವರು ಏನಾದರೂ ಹೇಳಿದರೆ ಅವಳನ್ನು ಕೇಳದೆ ಕಾಗದ ಪೆನ್ಸಿಲು ಮುಂದಿಡುತ್ತಾನೆ.

ಹತ್ತು ದಿನಕ್ಕೊಮ್ಮೆ ಅಭ್ಯಾಸದ ಸೈರನ್ ಆಗುತ್ತದೆ. ಕೂಗಿದ ಕೂಡಲೇ ಅವಳು ಓಡುತ್ತಾಳೆ. ಆರು ಮನೆಯ ಬಾಗಿಲು ನೂಕಿ, ಒಳಗೆ ಹೋಗಿ, ಒಬ್ಬೊಬ್ಬರ ಭುಜ ಮುಟ್ಟಿ, ಒಂದೇ ಒಂದು ಸನ್ನೆ ಮಾಡಿ ಮುಂದಿನ ಮನೆಗೆ ಓಡಬೇಕು. ಬೇಕರಿಯ ಅಜ್ಜನ ಮನೆ ದಿಬ್ಬದ ಮೇಲೆ. ಮೊನ್ನೆ ಅಲ್ಲಿಂದ ಅಜ್ಜನನ್ನು ಇಳಿಸಿಕೊಂಡು ಬಸ್ಸು ನಿಲ್ಲುವ ಶಾಲೆಯ ಮೈದಾನಕ್ಕೆ ಬರುವಷ್ಟರಲ್ಲಿ ಹನ್ನೊಂದು ನಿಮಿಷವಾಗಿ, ಬಸ್ಸು ಗೇಟು ದಾಟಿತ್ತು. ಮೀನು ಮಾರುಕಟ್ಟೆಯ ಹಿಂದಿನ ಗಲ್ಲಿಯಿಂದ ಹೋದರೆ ಒಂದು ನಿಮಿಷ ಉಳಿದೀತೇ ಎಂದು ಈಗ ದಿನವೂ ನಡೆದು ನೋಡುತ್ತಿದ್ದಾಳೆ.

ಸಂಜೆ ಅಧ್ಯಕ್ಷರು ಟೀವಿಗೆ ಬಂದರೆ ಅಪ್ಪ ಮೂಲೆಗೆ ಕಾಗದ ಅಂಟಿಸಿ, ಮುಖವೊಂದನ್ನೇ ನೋಡುತ್ತಾನೆ. ಕೆಲವು ದಿನ ಏನೂ ಹೇಳದೆ ಎದ್ದು ಹೋಗುತ್ತಾನೆ. ಕೆಲವು ದಿನ ಅವಳ ಕಡೆ ತಿರುಗಿ, "ಇವತ್ತು ಅವನಿಗೆ ತಾನು ಎಲ್ಲಿದ್ದೇನೆ ಅಂತ ಗೊತ್ತಿಲ್ಲ," ಎನ್ನುತ್ತಾನೆ. ಅಂಥ ದಿನ ಅವಳು ಬೂಟು ಕಳಚದೆ ಮಲಗುತ್ತಾಳೆ. ಈ ವಾರ ನಾಲ್ಕು ದಿನ ಹಾಗೆಯೇ ಮಲಗಿದ್ದಾಳೆ.